ಇಲಿಯ ನೋವು, ಇಲಿಯ ಮಿಲನ: ಒಂದೊಂದನ್ನೂ ಬೇರೆಯಾಗಿ ಅಳೆಯುವುದು ಹೇಗೆ?

ಒಂದೇ ತಳಿಯ, ಒಂದೇ ಕೊಠಡಿಯಲ್ಲಿ ಬೆಳೆದ ಗಂಡು ಇಲಿಗಳನ್ನು ಬೆದೆಗೆ ಬಂದ ಹೆಣ್ಣುಗಳ ಜೊತೆ ಬಿಟ್ಟರೆ, ಕೆಲವು ಕೆಲವೇ ನಿಮಿಷಗಳಲ್ಲಿ ಸ್ಖಲಿಸುತ್ತವೆ. ಇನ್ನು ಕೆಲವು ಅರ್ಧ ಗಂಟೆಯಾದರೂ ಮೂಲೆ ಬಿಟ್ಟು ಕದಲುವುದಿಲ್ಲ. ಬಿಸಿ ತಗುಲಿದಾಗ ಬಾಲ ಎಳೆದುಕೊಳ್ಳುವ ವೇಗವೂ ಇಲಿಯಿಂದ ಇಲಿಗೆ ಬೇರೆ. ಎರಡಕ್ಕೂ ನಂಟಿದೆಯೇ ಎಂದು ತಿಳಿಯಲು ಹೊರಟವರು ಅಳತೆಯ ಕ್ರಮವನ್ನು ತಪ್ಪಿಸುವಂತಿಲ್ಲ.

ಇದು ಮನೆಯಲ್ಲಿ ಮಾಡುವ ಪ್ರಯೋಗವಲ್ಲ. ಭಾರತದಲ್ಲಿ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಮೊದಲು ಬೇಕು.

ಇಲಿ ನಿಶಾಚರಿ. ಆದ್ದರಿಂದ ಕೊಠಡಿಯ ಹಗಲು-ರಾತ್ರಿಯನ್ನು ತಿರುವುಮುರುವು ಮಾಡಿ, ಮಂದ ಕೆಂಪು ದೀಪದಲ್ಲಿ ಕೆಲಸ ಮಾಡುವುದು ರೂಢಿ. ಪ್ರಯೋಗಕ್ಕೆ ಮುನ್ನ ಕೆಲವು ದಿನ ಇಲಿಗಳನ್ನು ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿಸಿ.

ಮೊದಲು ನೋವನ್ನು ಅಳೆಯಿರಿ. 1941ರಲ್ಲಿ ಡಾಮೋರ್ ಮತ್ತು ಸ್ಮಿತ್ ರೂಪಿಸಿದ ವಿಧಾನದಲ್ಲಿ ಬೆಳಕಿನ ಕಿರಣವನ್ನು ಬಾಲದ ಮೇಲೆ ಬೀಳಿಸಿ, ಇಲಿ ಬಾಲವನ್ನು ಸರಕ್ಕನೆ ಸರಿಸುವವರೆಗಿನ ಸೆಕೆಂಡುಗಳನ್ನು ಎಣಿಸುತ್ತಾರೆ. ಚರ್ಮ ಸುಡದಂತೆ ಸಾಮಾನ್ಯವಾಗಿ 10 ಸೆಕೆಂಡಿಗೆ ಕಿರಣವನ್ನು ಆರಿಸಿಬಿಡುತ್ತಾರೆ. ಆದರೆ ಬಾಲ ಸರಿಸುವುದು ಬೆನ್ನುಹುರಿಯ ಪ್ರತಿವರ್ತನೆ, ಅದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ. ಹೀಗಾಗಿ ಬಿಸಿ ತಟ್ಟೆಯ ಮೇಲೆ ಇಲಿ ಪಾದ ನೆಕ್ಕುವ ಸಮಯವನ್ನೂ ದಾಖಲಿಸುವುದು ಒಳ್ಳೆಯದು. ತಣ್ಣಗಿರುವ ಬಾಲ ತಡವಾಗಿ ಸರಿಯುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಇಲಿಯನ್ನು ಹಿಡಿಯುವವರೂ ಒಬ್ಬರೇ ಇರಲಿ: ಗಂಡಸರ ಮೈವಾಸನೆಗೇ ಇಲಿಗಳ ನೋವಿನ ಪ್ರತಿಕ್ರಿಯೆ ತಗ್ಗುತ್ತದೆಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೊಗಿಲ್ ತಂಡ 2014ರಲ್ಲಿ ತೋರಿಸಿತು. ಎರಡು ಬೇರೆ ದಿನಗಳಲ್ಲಿ ಅಳೆದಾಗ ಅದೇ ಇಲಿ ಮತ್ತೆ ಮತ್ತೆ ತಡಮಾಡಿದರೆ ಮಾತ್ರ ಅದನ್ನು ಅದರ ಸ್ವಭಾವ ಎನ್ನಬಹುದು.

ಮಿಲನದ ಪರೀಕ್ಷೆ ಬೇರೆ ದಿನವೇ ನಡೆಯಬೇಕು. ಯೋನಿಮಾರ್ಗದ ಪ್ರಚೋದನೆಯಿಂದ ಹೆಣ್ಣಿಲಿಯ ನೋವಿನ ಅರಿವು ಕುಗ್ಗುತ್ತದೆಂದು ಅಮೆರಿಕದ ಬ್ಯಾರಿ ಕೋಮಿಸರುಕ್ 1970ರ ದಶಕದಲ್ಲಿಯೇ ತೋರಿಸಿದ್ದರು. ಮಿಲನದ ದಿನವೇ ನೋವು ಅಳೆದರೆ ಕಾಣುವುದು ಮಿಲನದ ಪರಿಣಾಮ, ಇಲಿಯ ಗುಣವಲ್ಲ.

ಮೊದಲ ಭೇಟಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅನನುಭವಿ ಗಂಡಿನ ತಡಬಡಿಕೆ ಅದು. ನಂತರದ ಹಲವು ಭೇಟಿಗಳಲ್ಲಿ ಮೊದಲ ಏರುವಿಕೆಗೆ ಹಿಡಿದ ಸಮಯ, ಪ್ರವೇಶಗಳ ಸಂಖ್ಯೆ, ಸ್ಖಲನದ ನಂತರದ ವಿರಾಮ ಇವನ್ನು ಬರೆದುಕೊಳ್ಳಿ. ಆ ವಿರಾಮದಲ್ಲಿ ಗಂಡು ಸುಮಾರು 22 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತದೆ. ನಮ್ಮ ಕಿವಿಗೆ ಕೇಳದ ಆ ಕೂಗಿಗೆ ವಿಶೇಷ ಮೈಕ್ರೊಫೋನ್ ಬೇಕು. ಹೆಣ್ಣಿನ ಬೆದೆಚಕ್ರ 4–5 ದಿನಗಳದ್ದಾದ್ದರಿಂದ ದಿನವನ್ನೂ ಗುರುತಿಸಿ. ಬೆದೆಗೆ ಬಂದ ಹೆಣ್ಣು ಪುಟಿದು ಓಡಿ, ಥಟ್ಟನೆ ನಿಂತು ಕಿವಿ ಅದುರಿಸುತ್ತದೆ. ಅದೊಂದೇ ತೂರಿಹೋಗಬಲ್ಲ ಸಣ್ಣ ಕಿಂಡಿಯ ಅಡ್ಡಗೋಡೆ ಇಟ್ಟರೆ, ಮಿಲನದ ಗತಿಯನ್ನು ಅದೇ ನಿರ್ಧರಿಸುವುದನ್ನು ನೋಡಬಹುದು.

ಕೊನೆಗೆ ಗುಂಪಿನ ಸರಾಸರಿ ತೆಗೆಯದೆ, ಒಂದು ಬದಿಗೆ ನೋವಿನ ಅಳತೆ, ಇನ್ನೊಂದು ಬದಿಗೆ ಮಿಲನದ ಅಳತೆ ಇರುವ ನಕ್ಷೆಯ ಮೇಲೆ ಪ್ರತಿ ಇಲಿಗೂ ಒಂದೊಂದು ಚುಕ್ಕೆ ಇಡಿ. ಒಡಹುಟ್ಟಿದವು ಒಂದೇ ಕಡೆ ಗುಂಪಾಗುತ್ತವೆಯೇ ಎಂದು ಕಾಣುವಂತೆ, ಒಂದೇ ತಾಯಿಯ ಮರಿಗಳ ಚುಕ್ಕೆಗಳಿಗೆ ಒಂದೇ ಬಣ್ಣ ಕೊಡಿ.