ಆರ್ಡರ್ ನಿಂತಾಗ ಕೈ ಹಿಡಿದದ್ದು ಹಳೇ ರಾಡುಗಳು: ನನ್ನ ಅನುಭವ

ಪೀಣ್ಯ ಎರಡನೇ ಹಂತದಲ್ಲಿ ಗಾಡಿ ಬಿಡಿಭಾಗ ಮಾಡಿಕೊಡುವ ನನ್ನದೊಂದು ಸಣ್ಣ ಶಾಪು. ಎರಡು ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮೆಷೀನು, ಒಂದು ಹಳೇ ಲೇಥ್, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ, ದುಂಡು ರಾಡು ಉಜ್ಜಿ ನಯ ಮಾಡುವ ಒಂದು ಸಿಲಿಂಡ್ರಿಕಲ್ ಗ್ರೈಂಡರ್. 2019ರಲ್ಲಿ ಗಾಡಿ ಮಾರಾಟ ಬಿತ್ತು, ಜೊತೆಗೆ ನಾನೂ ಬಿದ್ದೆ. ಗಾಡಿ ಹೊಗೆಯ ಹೊಸ ನಿಯಮ ಬಿಎಸ್ 6 ಬರುತ್ತಿದೆ ಅಂತ ದೊಡ್ಡವರೆಲ್ಲ ಹಳೇ ಸ್ಟಾಕ್ ಖಾಲಿ ಮಾಡುವುದರಲ್ಲಿದ್ದರು. ಆರ್ಡರ್ ಶೆಡ್ಯೂಲ್ ಕೇಳಿದರೆ 'ಮುಂದಿನ ತಿಂಗಳು ನೋಡೋಣ' ಅನ್ನುವುದೊಂದೇ ಉತ್ತರ. ಮೂರು ಶಿಫ್ಟ್ ಒಂದಾಯಿತು. ಇಎಂಐ ಮಾತ್ರ ನಲವತ್ತು ಸಾವಿರದ ಹತ್ತಿರ ಹಾಗೇ ಇತ್ತು.

ಮೊದಲು ಎಲ್ಲರಂತೆ ರೇಟ್ ಇಳಿಸಿದೆ. 14 ರೂಪಾಯಿಯ ಪೀಸು 11ಕ್ಕೆ. ಇನ್ಸರ್ಟ್ (ಮೆಷೀನಿನ ಕತ್ತರಿಸುವ ತುದಿ), ಕರೆಂಟು, ಕೂಲಿ ಕಳೆದರೆ ಕೈಯಿಂದಲೇ ಹಾಕಬೇಕಾಯಿತು. ಆಮೇಲೆ 2020ರ ಲಾಕ್‌ಡೌನ್. ಕಾಲಲ್ಲಿ ತುಳಿಯುವ ಸ್ಯಾನಿಟೈಸರ್ ಸ್ಟ್ಯಾಂಡ್ ಮುನ್ನೂರು ಮಾಡಿಸಿದೆ, ಇಡೀ ಪೀಣ್ಯವೇ ಅದನ್ನು ಮಾಡುತ್ತಿದೆ ಅಂತ ಗೊತ್ತಾಗುವಷ್ಟರಲ್ಲಿ ನೂರೈವತ್ತು ಉಳಿದಿದ್ದವು. ಈಗ ಅವನ್ನೇ ಕತ್ತರಿಸಿ ರಾಡ್ ಇಡುವ ಸ್ಟ್ಯಾಂಡ್ ಮಾಡಿಕೊಂಡಿದ್ದೇನೆ.

ದಾರಿ ಕಂಡದ್ದು ಸುಮ್ನೆ. ಪರಿಚಯದ ಜೆಸಿಬಿ ಮಾಲೀಕನೊಬ್ಬ ಗೀರು ಬಿದ್ದ ಬೂಮ್ ಸಿಲಿಂಡರ್ ರಾಡ್, ಅಂದರೆ ಜೆಸಿಬಿಯ ತೋಳು ಎತ್ತುವ ಹೈಡ್ರಾಲಿಕ್ ಸಿಲಿಂಡರಿನ ಕ್ರೋಮ್ ಲೇಪದ ರಾಡ್, ತಂದ. ಹೊಸದಕ್ಕೆ ಇಪ್ಪತ್ತು ಸಾವಿರದ ಮೇಲೆ ಹೇಳಿದ್ದರಂತೆ, ನಾನು ಆರೂವರೆ ಸಾವಿರಕ್ಕೆ ರಿಪೇರಿ ಮಾಡಿಕೊಟ್ಟೆ. ಆಗ ಹೊಳೆಯಿತು: ಮಂದಿ ಹೊಸದು ಕೊಳ್ಳುವುದನ್ನು ನಿಲ್ಲಿಸಿದ್ದಾರೆ, ಮೆಷೀನು ಓಡಿಸುವುದನ್ನಲ್ಲ. ಮರುದಿನದಿಂದ ಪರ್ಚೇಸ್ ಆಫೀಸಿನ ಕಡೆ ತಲೆ ಹಾಕಲಿಲ್ಲ. ದಾಬಸ್‌ಪೇಟೆಯಿಂದ ತುಮಕೂರಿನ ವಸಂತನರಸಾಪುರದವರೆಗೆ ಕಾರ್ಖಾನೆ ಗೇಟಿನ ಹತ್ತಿರ ಟೀ ಕುಡಿಯುವ ಮೇಂಟೆನೆನ್ಸ್ ಫೋರ್‌ಮನ್‌ಗಳನ್ನು ಹಿಡಿದೆ. 'ಸಿಎನ್‌ಸಿ ಇಟ್ಟುಕೊಂಡು ಗುಜರಿ ಕೆಲಸ ಮಾಡ್ತೀಯಾ' ಅಂತ ಗೆಳೆಯನೊಬ್ಬ ಎಲ್ಲರೆದುರು ನಕ್ಕ.

ಅವನು ನಕ್ಕದ್ದು ಸರಿಯೇನೋ ಅನಿಸಿದ್ದು ಮೊದಲ ಲಾಟಿನಲ್ಲಿ. ಆರು ರಾಡಿನ ಕ್ರೋಮ್ ಹಪ್ಪಳದ ಹಾಗೆ ಎದ್ದು ಬಂತು. ಅರ್ಜೆಂಟ್ ಅಂತ ಹಳೇ ಕ್ರೋಮ್ ಪೂರ್ತಿ ತೆಗೆಸದೆ ಮೇಲೆ ಹೊಡೆಸಿದ್ದೆ. ಆರನ್ನೂ ಬಿಟ್ಟಿಯಾಗಿ ಮತ್ತೆ ಮಾಡಿದೆ, ಎಣ್ಣೆ ಸೋರದಂತೆ ತಡೆಯುವ ಸೀಲ್ ಕಿಟ್ಟಿನ ದುಡ್ಡೂ ಕೊಟ್ಟೆ. ಒಟ್ಟು ಮೂವತ್ತೈದು ಸಾವಿರ ಹೋಗಿರಬೇಕು. ಅಲ್ಲಿಂದ ಮುಂದೆ ಪೂರ್ತಿ ಸ್ಟ್ರಿಪ್, ಗ್ರೈಂಡ್, ಕ್ರೋಮ್, ಮತ್ತೆ ಗ್ರೈಂಡ್. ಕೊನೆಗೆ ಉಗುರನ್ನು ರಾಡಿನ ಉದ್ದಕ್ಕೆ ಎಳೆಯುತ್ತೇನೆ. ಎಲ್ಲಾದರೂ ಸಿಕ್ಕಿಕೊಂಡರೆ ಆ ಜಾಗ ಸೀಲ್ ತಿನ್ನುತ್ತದೆ ಅಂತಲೇ ಲೆಕ್ಕ, ಮೈಕ್ರೊಮೀಟರ್ ಏನೇ ಹೇಳಲಿ. ಎಷ್ಟು ಮೈಕ್ರಾನ್ ಜಾಸ್ತಿ ಬಿಡುತ್ತೇನೆ, ಯಾವ ಪ್ಲೇಟಿಂಗ್ ಶಾಪು ಅಂತ ಕೇಳಬೇಡಿ, ಹೇಳಲ್ಲ.

ನಡುವೆ ಮಂಡ್ಯದ ಕಡೆಯ ಆಲೆಮನೆಯ ಗಾಣದ ರೋಲರ್‌ಗೆ ಹಲ್ಲು ಹೊಡೆದು ನೋಡಿದೆ. ಕೆಲಸ ಚೆನ್ನಾಗಿ ಬಂತು, ಟೆಂಪೋ ಬಾಡಿಗೆ ಲಾಭ ತಿಂದಿತು. ಎರಡು ಅಚ್ಚು ಬೆಲ್ಲ ಮಾತ್ರ ಉಳಿಯಿತು.

ದುಡ್ಡಿನ ವಿಷಯ. ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಅಂತ ಕಾಯ್ದೆಯಲ್ಲಿದೆ, ಆದರೆ ಕಂಪನಿಗಳಿಗೆ ಮಾಡಿಕೊಟ್ಟ ಜಾಬ್ ವರ್ಕ್ ಬಿಲ್ ನೂರು ದಿನವಾದರೂ ಬರುತ್ತಿರಲಿಲ್ಲ, ನಿಮಗೂ ಗೊತ್ತಲ್ವಾ. ರಿಪೇರಿಯಲ್ಲಿ ಅರ್ಧ ಮುಂಗಡ, ಉಳಿದದ್ದು ಕೊಟ್ಟ ಮೇಲೇ ರಾಡ್ ಗೇಟು ದಾಟುತ್ತದೆ. ಯಾಕೆಂದರೆ ಅವರ ಮೆಷೀನು ನಿಂತಿರುತ್ತದೆ. 2020ರಲ್ಲಿ ಬಾಕಿ ಸಾಲದ ಶೇ. 20ರಷ್ಟು ಸರ್ಕಾರದ ಗ್ಯಾರಂಟಿಯ ಮೇಲೆ ಬ್ಯಾಂಕು ಕೊಟ್ಟಿತಲ್ಲ, ಅದರಲ್ಲಿ ಬಾಗಿಲು ಹಾಕಿದ ಶಾಪಿನ ಹೋನಿಂಗ್ ಮೆಷೀನ್ (ಸಿಲಿಂಡರಿನ ಒಳಮೈ ನಯ ಮಾಡುವುದು) ಅರ್ಧ ರೇಟಿಗೆ ಎತ್ತಿಕೊಂಡೆ. ಎರಡನೇ ವರ್ಷಕ್ಕೆ ತಿಂಗಳಿಗೆ ನಲವತ್ತರಿಂದ ಐವತ್ತು ರಾಡ್.

ಗಾಡಿ ಬಿಡಿಭಾಗದ ಕೆಲಸ ಈಗ ವಾಪಸ್ ಬಂದಿದೆ. ಅದಕ್ಕೆ ಒಂದೇ ಮೆಷೀನ್ ಬಿಟ್ಟುಕೊಟ್ಟಿದ್ದೇನೆ. ನಕ್ಕ ಗೆಳೆಯ ಕಳೆದ ತಿಂಗಳು ತನ್ನ ಫೋರ್ಕ್‌ಲಿಫ್ಟಿನ ರಾಡ್ ಕಳಿಸಿದ್ದ. ಮುಂಗಡ ಬಂದ ಮೇಲೇ ಮುಟ್ಟಿದೆ.