ರೌಟರ್ ಕೊಳ್ಳುವ ಮುಂಚೆ ಬಿಟ್ ನೋಡಿ: ಮನೆ ವರ್ಕ್‌ಶಾಪಿನ ನನ್ನ ಅನುಭವ

ರೌಟರ್ ಅಂದರೆ ಕಟ್ಟಿಗೆಗೆ ಕಾಲುವೆ ಕೊರೆಯುವ, ಅಂಚು ಸವರುವ ಕರೆಂಟ್ ಮಷಿನ್. ಅದನ್ನು ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ವ್ಯಾಟ್‌ದು?" ಅಂತ. ನನ್ನ ಲೆಕ್ಕದಲ್ಲಿ ಅದು ಮೂರನೇ ಪ್ರಶ್ನೆ. ಮೊದಲನೆಯದು, ಓಡಿಸಬೇಕಾದ ಬಿಟ್ಟಿನ (ಮಷಿನ್ನಿಗೆ ಸಿಕ್ಕಿಸುವ, ತಿರುಗುತ್ತ ಕೊರೆಯುವ ಹಲ್ಲಿನ ತುಂಡು) ಶ್ಯಾಂಕ್, ಅಂದರೆ ಮಷಿನ್ ಹಿಡಿಯುವ ಕಡ್ಡಿ, ಎಷ್ಟು ದಪ್ಪ? ಎರಡನೆಯದು, ಆ ಬಿಟ್ಟಿನ ತಲೆ ಎಷ್ಟು ಅಗಲ? ಇವೆರಡು ಗೊತ್ತಾದರೆ ಮಷಿನ್ ಯಾವುದು ಅನ್ನುವುದು ತಾನಾಗಿ ತೀರ್ಮಾನವಾಗುತ್ತದೆ.

ಕಲಬುರಗಿಯಲ್ಲಿ ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಆಗುವ ಕೆಲಸ ಬಹುತೇಕ ಮೂರು ಬಗೆಯದು. ಪ್ಲೈವುಡ್ಡಿನ ಕಪಾಟು ಮಾಡಿ ಸನ್‌ಮೈಕಾ ಹಚ್ಚಿ ಅಂಚು ಸವರುವುದು, ಚೌಕಟ್ಟಿಗೂ ಬಾಗಿಲಿಗೂ ಕಬ್ಜಾ (ಕೀಲು) ಕೂರಿಸುವುದು, ಸಾಗವಾನಿ ಅಥವಾ ಬೇವಿನ ಪಟ್ಟಿಗೆ ಗೋಲಾ ಹೊಡೆಯುವುದು, ಅಂದರೆ ಅಂಚು ದುಂಡಗೆ ಮಾಡುವುದು. ಈ ಮೂರಕ್ಕೂ 6 ಮಿ.ಮೀ. ಶ್ಯಾಂಕಿನ ಬಿಟ್ ಸಾಕು. ಹಾಗಾಗಿ ಮೊದಲ ಮಷಿನ್ ಒಂದು ಕೈಯಲ್ಲಿ ಹಿಡಿಯುವ ಪುಟ್ಟ ರೌಟರ್, ಅಂದರೆ ಟ್ರಿಮ್ಮರ್ ಇರಲಿ. ಆದರೆ ವೇಗ ಹೆಚ್ಚು ಕಡಿಮೆ ಮಾಡುವ ಗಾಲಿ ಇರುವುದೇ ಬೇಕು, ಜೊತೆಗೆ ಪ್ಲಂಜ್ ಬೇಸ್ (ತಿರುಗುವ ಬಿಟ್ಟನ್ನು ಮೇಲಿಂದ ನೇರ ಕಟ್ಟಿಗೆಗೆ ಇಳಿಸುವ ಅಡಿ) ಸಿಗುವಂಥದ್ದಾದರೆ ಇನ್ನೂ ಒಳ್ಳೆಯದು. ಮಕಿತಾ ಆರ್‌ಟಿ 0700 ಸಿ ಇಂಥ ಮಷಿನ್: 710 ವ್ಯಾಟ್, ನಿಮಿಷಕ್ಕೆ 10,000ದಿಂದ 30,000 ಸುತ್ತು. ಅದೇ ಕಂಪನಿಯ 3709 (530 ವ್ಯಾಟ್, 30,000 ಸುತ್ತು) ಮತ್ತು ಬಾಷ್ ಜಿಕೆಎಫ್ 550 (550 ವ್ಯಾಟ್, 33,000 ಸುತ್ತು) ಗಾಲಿ ಇಲ್ಲದವು, ಪ್ರತಿಯೊಂದಕ್ಕೂ ಇರುವುದು ಅದರ ಒಂದೇ ವೇಗ. ದಿನಕ್ಕೆ ಇಪ್ಪತ್ತು ಶೀಟ್ ಸನ್‌ಮೈಕಾ ಸವರುವ ಬಡಿಗೇರರಿಗೆ ಅವು ಹೇಳಿ ಮಾಡಿಸಿದ್ದು. ಮನೆಯಲ್ಲಿ ಒಂದೇ ಮಷಿನ್ನಿಂದ ನಾಲ್ಕು ಕೆಲಸ ತೆಗೆಯುವವರಿಗೆ ವೇಗದ ಗಾಲಿ ಇಲ್ಲದಿದ್ದರೆ ಕೈ ಕಟ್ಟಿದಂತೆ.

ಗಾಲಿ ಯಾಕೆ ಬೇಕು ಅನ್ನುವುದಕ್ಕೆ ಸಣ್ಣ ಲೆಕ್ಕ. 6 ಮಿ.ಮೀ. ಅಗಲದ ಬಿಟ್ 30,000 ಸುತ್ತಿನಲ್ಲಿ ತಿರುಗಿದರೆ ಅದರ ಹಲ್ಲಿನ ತುದಿಯ ವೇಗ ಸೆಕೆಂಡಿಗೆ ಸುಮಾರು 9.4 ಮೀಟರ್. ಅದೇ ಸುತ್ತಿಗೆ 50 ಮಿ.ಮೀ. ಬಿಟ್ ಹಾಕಿದರೆ ಸೆಕೆಂಡಿಗೆ 78 ಮೀಟರ್, ಅಂದರೆ ಗಂಟೆಗೆ 280 ಕಿ.ಮೀ. ಮೇಲೆ. ಅಷ್ಟರಲ್ಲಿ ಕಟ್ಟಿಗೆ ಸುಡುತ್ತದೆ, ಮಷಿನ್ ನಡುಗುತ್ತದೆ, ಬೆಸುಗೆ ಹಾಕಿದ ಕಾರ್ಬೈಡ್ ಹಲ್ಲು ಕಿತ್ತು ಹಾರಿದರೂ ಹಾರೀತು. ನಾನು ಇಟ್ಟುಕೊಂಡ ಮಿತಿ ಇದು: 25 ಮಿ.ಮೀ.ವರೆಗೆ 24,000, ಅಲ್ಲಿಂದ 50ರವರೆಗೆ 18,000, ಅದಕ್ಕೂ ದೊಡ್ಡದಕ್ಕೆ 16,000ದಿಂದ ಕೆಳಗೆ. ಬಿಟ್ಟಿನ ಶ್ಯಾಂಕಿನ ಮೇಲೆ ಗರಿಷ್ಠ ಸುತ್ತು ಕೊರೆದಿದ್ದರೆ ಅದೇ ಕೊನೆಯ ಮಾತು. ಇನ್ನು 50 ಮಿ.ಮೀ. ಬಿಟ್ಟನ್ನು ಕೈಯಲ್ಲಿ ಹಿಡಿಯುವ ಟ್ರಿಮ್ಮರಿಗೆ ಯಾವ ವೇಗದಲ್ಲೂ ಹಾಕಬೇಡಿ. ಅದು ಟೇಬಲ್ಲಿನ ಕೆಳಗೆ ಕೂತ ದೊಡ್ಡ ಮಷಿನ್ನಿನ ಕೆಲಸ.

ಈಗ ಚಕ್ಕಿನ ವಿಷಯ. ಶ್ಯಾಂಕನ್ನು ಬಿಗಿದು ಹಿಡಿಯುವ ಸೀಳು ಕೊಳವೆ ಇದು; ಕಾಲೆಟ್ ಅನ್ನುವುದನ್ನು ಇಲ್ಲಿ ಎಲ್ಲರೂ ಚಕ್ ಅಂತಲೇ ಕರೆಯುತ್ತಾರೆ. ಅತಿ ಹೆಚ್ಚು ಗೊಂದಲ ಇರುವುದೂ ಇದರಲ್ಲೇ. ಅಂಗಡಿಯಲ್ಲಿ 6 ಮಿ.ಮೀ. ಶ್ಯಾಂಕಿನ ಬಿಟ್ಟೂ ಕಾಲಿಂಚಿನದೂ ಒಂದೇ ಡಬ್ಬಿಯಲ್ಲಿ ಬಿದ್ದಿರುತ್ತವೆ. ಕಾಲಿಂಚು ಅಂದರೆ 6.35 ಮಿ.ಮೀ. ಕೇಳಿದರೆ "ಯಾವ್ದ್ ಹಾಕಿದ್ರೂ ನಡೀತದ್ರಿ" ಅನ್ನುವ ಉತ್ತರ ಬರುತ್ತದೆ. ನಡೆಯುವುದಿಲ್ಲ. 6.35ರ ಚಕ್ಕಿಗೆ 6 ಮಿ.ಮೀ. ಬಿಟ್ ಹಾಕಿ ಬಿಗಿದರೆ ಕೈಗೆ ಗಟ್ಟಿ ಅನ್ನಿಸುತ್ತದೆ, ಆದರೆ ಚಕ್ಕಿನ ಸೀಳುಗಳು ಶ್ಯಾಂಕನ್ನು ಪೂರ್ತಿ ಅಪ್ಪದೆ ಎರಡು ಮೂರು ಗೆರೆಯಲ್ಲಷ್ಟೇ ಹಿಡಿದಿರುತ್ತವೆ. ಕಟ್ಟಿಗೆಗೆ ಇಳಿದ ಮೇಲೆ ಬಿಟ್ ಕೂದಲೆಳೆ ಕೂದಲೆಳೆಯಾಗಿ ಕೆಳಗೆ ಜಾರುತ್ತದೆ. 5 ಮಿ.ಮೀ. ಆಳದಲ್ಲಿ ಶುರುವಾದ ಕಾಲುವೆ ಇನ್ನೊಂದು ತುದಿಗೆ 7 ಆಗಿರುತ್ತದೆ. ತಿರುಗಾ ಮುರುಗಾ ಮಾಡಿ, 6ರ ಚಕ್ಕಿಗೆ 6.35 ತುರುಕಿದರೆ ಚಕ್ಕೇ ಹಾಳು. 12 ಮತ್ತು ಅರ್ಧ ಇಂಚಿನ 12.7ರ ನಡುವೆಯೂ ಇದೇ ಕಥೆ, ಅಪಾಯ ಮಾತ್ರ ದೊಡ್ಡದು. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ವರ್ನಿಯರ್ (ಮಿ.ಮೀ.ಗಿಂತ ಸಣ್ಣದನ್ನೂ ಅಳೆಯುವ ಸಾಧನ) ಇರಲಿ, ಪ್ರತಿ ಬಿಟ್ಟಿನ ಶ್ಯಾಂಕ್ ಅಳೆದೇ ದುಡ್ಡು ಕೊಡಿ. ನನ್ನ ಡಬ್ಬಿಯಲ್ಲಿ ಕಾಲಿಂಚಿನದೇ ಇಲ್ಲ, ಎಲ್ಲಾ 6. ಎರಡೂ ಇದ್ದರೆ ಒಂದು ದಿನ ಕೈ ತಪ್ಪಿಯೇ ತಪ್ಪುತ್ತದೆ.

ಸರಿಯಾದ ಅಳತೆಯ ಬಿಟ್ಟೂ ಜಾರಬಹುದು, ಅದಕ್ಕೆ ಎರಡು ಕಾರಣ. ಒಂದು, ಶ್ಯಾಂಕನ್ನು ತಳ ಮುಟ್ಟುವವರೆಗೆ ಒತ್ತಿ ಬಿಗಿಯುವುದು. ನಟ್ ತಿರುಗಿಸಿದಂತೆ ಚಕ್ ಒಳಕ್ಕೆ ಸರಿಯುತ್ತದೆ. ಬಿಟ್ ತಳಕ್ಕೆ ತಾಗಿ ನಿಂತಿದ್ದರೆ ಅದರ ಜೊತೆ ಸರಿಯಲು ಜಾಗವಿಲ್ಲ, ಹಿಡಿತ ಅರ್ಧಂಬರ್ಧ ಆಗುತ್ತದೆ. ತಳ ಮುಟ್ಟಿಸಿ 2-3 ಮಿ.ಮೀ. ಹಿಂದಕ್ಕೆ ಎಳೆದು ಬಿಗಿಯಿರಿ, ಶ್ಯಾಂಕಿನ ಮುಕ್ಕಾಲು ಭಾಗ ಒಳಗಿರಲಿ. ಇನ್ನೊಂದು, ಚಕ್ಕಿನ ಸೀಳಿನಲ್ಲಿ ಕೂತ ಸಾಗವಾನಿಯ ಎಣ್ಣೆ ಧೂಳು. ಹಳೇ ಹಲ್ಲುಜ್ಜುವ ಬ್ರಷ್, ಸ್ವಲ್ಪ ಥಿನ್ನರ್, ಎರಡು ನಿಮಿಷದ ಕೆಲಸ. ಶ್ಯಾಂಕಿನ ಮೇಲೆ ಕಪ್ಪು ಉಂಗುರದಂತೆ ಗುರುತು ಬಿದ್ದಿದ್ದರೆ ಬಿಟ್ ಜಾರಿದೆ ಅಂತಲೇ ತಿಳಿಯಿರಿ.

ಅಂಗಡಿಯಲ್ಲಿ ಮಷಿನ್ ಕೈಗೆ ಬಂದಾಗ ನೋಡಬೇಕಾದ್ದು ಇನ್ನೂ ಇದೆ. ಬೇಸನ್ನು ಪಾಲಿಶ್ ಮಾಡಿದ ಶಹಾಬಾದ್ ಫರಸಿ ಮೇಲೋ ಗಾಜಿನ ಕೌಂಟರ್ ಮೇಲೋ ಇಟ್ಟು ಮೂಲೆ ಒತ್ತಿ, ಕುಣಿದರೆ ಬೇಡ. ಆಳ ಹೊಂದಿಸಿ ಲಾಕ್ ಹಾಕಿ ಮೋಟರನ್ನು ಎರಡೂ ಕೈಯಿಂದ ಅಲುಗಾಡಿಸಿ. ಆಮೇಲೆ ಚಕ್ಕಿಗೆ 6 ಮಿ.ಮೀ. ನೇರ ಬಿಟ್ ಬಿಗಿದು, ಶ್ಯಾಂಕಿನಿಂದ ಬೇಸಿನ ಅಂಚಿಗೆ ನಾಲ್ಕೂ ಕಡೆ ವರ್ನಿಯರಿನಿಂದ ಅಳೆಯಿರಿ. ಎದುರುಬದುರು ಅಳತೆಯಲ್ಲಿ 1 ಮಿ.ಮೀ. ವ್ಯತ್ಯಾಸ ಇದ್ದರೆ, ನೇರ ಪಟ್ಟಿಗೆ ಆನಿಸಿ ಓಡಿಸುವಾಗ ಮಷಿನ್ ಅರ್ಧ ಸುತ್ತು ತಿರುಗಿದ ಕಡೆ ಗೆರೆಯೂ 1 ಮಿ.ಮೀ. ಸರಿದಿರುತ್ತದೆ. ಬೇಸಿನ ಸ್ಕ್ರೂ ಸಡಿಲಿಸಿ ಸರಿ ಮಾಡಬಹುದು. ಅದೂ ಆಗದಿದ್ದರೆ ಬೇಸಿನ ಒಂದು ಬದಿಗೆ ಬಣ್ಣದ ಚುಕ್ಕೆ ಇಟ್ಟು ಯಾವಾಗಲೂ ಆ ಬದಿಯನ್ನೇ ಪಟ್ಟಿಗೆ ತಾಗಿಸಿ.

ಪ್ಲಂಜ್ ಬೇಸ್ ಯಾಕೆ ಅನ್ನುವವರಿಗೆ ಕಬ್ಜಾ ಕೆಲಸವೇ ಉತ್ತರ. 4 ಇಂಚಿನ ಕಬ್ಜಾಕ್ಕೆ 100 ಮಿ.ಮೀ. ಉದ್ದ, 30 ಮಿ.ಮೀ. ಅಗಲದ ಗುಂಡಿ ಬೇಕು ಅಂದುಕೊಳ್ಳಿ. ಬೇಸಿಗೆ ಹೊರ ಅಗಲ 16 ಮಿ.ಮೀ. ಇರುವ ಗೈಡ್ ಬುಷ್ (ಬಿಟ್ಟಿನ ಸುತ್ತ ಕೂತು ಟೆಂಪ್ಲೇಟಿನ ಅಂಚಿಗೆ ತಾಗಿ ಓಡುವ ಉಂಗುರ), ಚಕ್ಕಿಗೆ 12 ಮಿ.ಮೀ. ನೇರ ಬಿಟ್. ಬುಷ್ಷಿನ ಅಂಚಿಗೂ ಬಿಟ್ಟಿನ ಅಂಚಿಗೂ ಅಂತರ 16ರಿಂದ 12 ಕಳೆದು ಅರ್ಧ ಮಾಡಿದರೆ 2 ಮಿ.ಮೀ. ಹಾಗಾಗಿ 9 ಅಥವಾ 12 ಮಿ.ಮೀ. ಪ್ಲೈನಲ್ಲಿ ಕೊರೆಯುವ ಟೆಂಪ್ಲೇಟಿನ, ಅಂದರೆ ಅಚ್ಚಿನ, ಬಾಯಿ 104 ಮಿ.ಮೀ. ಉದ್ದ ಇರಬೇಕು, ಅಗಲದಲ್ಲಿ ಒಂದು ಬದಿ ತೆರೆದಿರುವುದರಿಂದ 32 ಸಾಕು. ಆಳಕ್ಕೆ ಟೇಪು ಬೇಡ. ಟೆಂಪ್ಲೇಟ್ ಮೇಲೆ ಮಷಿನ್ ಇಟ್ಟು ಬಿಟ್ ಕಟ್ಟಿಗೆಗೆ ಮುಟ್ಟುವಷ್ಟು ಇಳಿಸಿ ಲಾಕ್ ಮಾಡಿ. ಆಳದ ಸರಳಿಗೂ ಕೆಳಗಿನ ತಡೆಗೂ ನಡುವೆ ಆ ಕಬ್ಜಾದ ಎಲೆಯನ್ನೇ ತೂರಿಸಿ ಸರಳನ್ನು ಅದರ ಮೇಲೆ ಕೂರಿಸಿ ಬಿಗಿಯಿರಿ. ಎಲೆ ತೆಗೆದರೆ ಉಳಿದ ಸಂದು ಕಬ್ಜಾದ ದಪ್ಪ ಎಷ್ಟೋ ಅಷ್ಟೇ. ಕೊರೆದ ಮೇಲೆ ಒಳಮೂಲೆ ಬಿಟ್ಟಿನಷ್ಟೇ ದುಂಡಗೆ ಉಳಿಯುತ್ತದೆ, ಅದನ್ನು ಉಳಿಯಿಂದಲೇ ಚೌಕ ಮಾಡಬೇಕು. ಬೀದರ್ ಕೋಟೆಯ ರಂಗೀನ್ ಮಹಲಿನ ಕಟ್ಟಿಗೆ ಕಂಬಗಳ ಕೆತ್ತನೆಯನ್ನು ಹತ್ತಿರದಿಂದ ನೋಡಿ: ಅಂಥ ಚೂಪು ಒಳಮೂಲೆ ತಿರುಗುವ ಬಿಟ್ಟಿಗೆ ಎಂದಿಗೂ ದಕ್ಕದು.

ಪ್ಲೈವುಡ್ಡಿನಲ್ಲಿ ಹಲಗೆ ಕೂರಿಸುವ ಕಾಲುವೆ ಹೊಡೆಯುವವರು 18 ಮಿ.ಮೀ. ಬಿಟ್ ಹುಡುಕಿಕೊಂಡು ಹೋಗುತ್ತಾರೆ, ಆಮೇಲೆ ಹಲಗೆ ಲೊಡಲೊಡ ಅನ್ನುತ್ತದೆ. 18 ಎಂದು ಮಾರುವ ಶೀಟು ಅಳೆದರೆ ಎಷ್ಟೋ ಸಲ 17 ಚಿಲ್ಲರೆ ಇರುತ್ತದೆ, ಒಂದೇ ಶೀಟಿನ ಎರಡು ತುದಿಯಲ್ಲಿ ಬೇರೆ ಬೇರೆ ಇರುವುದೂ ಉಂಟು. 12ರ ಬಿಟ್ ಹಾಕಿ ಎರಡು ಸಲ ಓಡಿಸಿ, ಆ ಹಲಗೆಯ ತುಂಡನ್ನೇ ಅಳತೆಗೋಲು ಮಾಡಿಕೊಳ್ಳಿ. ಟ್ರಿಮ್ಮರಿನಲ್ಲಿ ಒಂದು ಸಲಕ್ಕೆ 3 ಮಿ.ಮೀ.ಗಿಂತ ಆಳಕ್ಕೆ ಹೋಗಬೇಡಿ; 6 ಮಿ.ಮೀ. ಆಳ ಬೇಕೆಂದರೆ ಎರಡು ಸುತ್ತು. ಮೋಟರಿನ ದನಿ ಕುಗ್ಗಿದರೆ ಆಳ ಹೆಚ್ಚಾಗಿದೆ. ದನಿ ಚೆನ್ನಾಗಿದ್ದೂ ಅಂಚು ಕಂದುತ್ತಿದ್ದರೆ ಕೈ ನಿಧಾನವಾಗಿದೆ, ಇಲ್ಲವೇ ಬಿಟ್ ಮೊಂಡಾಗಿದೆ.

ಕೈ ಯಾವ ದಿಕ್ಕಿಗೆ ಹೋಗಬೇಕು ಅನ್ನುವುದು ಚಿಕ್ಕ ವಿಷಯ, ತಪ್ಪಿದರೆ ದೊಡ್ಡದು. ಮೇಲಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಹಲಗೆ ಎದುರಿಗಿದ್ದು ನಿಮ್ಮ ಕಡೆಯ ಅಂಚು ಸವರುವಾಗ ಎಡದಿಂದ ಬಲಕ್ಕೆ ಹೋಗಿ, ಹೊರಗಿನ ಅಂಚೆಲ್ಲ ಹೀಗೇ ಮುಳ್ಳಿಗೆ ಎದುರಾಗಿ ಸುತ್ತಿ. ಬಲದಿಂದ ಎಡಕ್ಕೆ ಎಳೆದರೆ ಮಷಿನ್ ತಾನೇ ಓಡತೊಡಗುತ್ತದೆ. ಬೇವು ಎಳೆ ತಿರುಚಿದ ಕಟ್ಟಿಗೆ, ಸರಿಯಾದ ದಿಕ್ಕಿನಲ್ಲಿ ಹೋದರೂ ಸಿಬಿರು ಏಳುತ್ತದೆ. ಅದಕ್ಕೆ ಕೊನೆಯ ಸುತ್ತಿಗೆ ಅರ್ಧ ಮಿ.ಮೀ. ಮಾತ್ರ ಉಳಿಸಿಕೊಳ್ಳಿ. ಅಡ್ಡ ಎಳೆಯ ತುದಿಗಳನ್ನು ಮೊದಲು, ಉದ್ದದ ಬದಿಗಳನ್ನು ಆಮೇಲೆ ಹೊಡೆದರೆ ಮೂಲೆ ಸೀಳಿದ್ದೆಲ್ಲ ಉದ್ದದ ಸುತ್ತಿನಲ್ಲಿ ಹೋಗುತ್ತದೆ. ಜಾಲಿ ಕಟ್ಟಿಗೆಗೆ ಈ ಪುಟ್ಟ ಮಷಿನ್ ಅಷ್ಟಕ್ಕಷ್ಟೇ. ಅಂಚಿಗೆ ಗೋಲಾ ಹೊಡೆಯಬಹುದು, ಆಳದ ಕಾಲುವೆ ಬೇಡ.

ದೊಡ್ಡ ಮಷಿನ್ ಯಾವಾಗ? ಬಾಗಿಲಿನ ಪ್ಯಾನೆಲ್, ದಪ್ಪ ಚೌಕಟ್ಟಿನ ಮೋಲ್ಡಿಂಗ್, ಆಳದ ತೂತು ಬೇಕಾದಾಗ 12 ಮಿ.ಮೀ. ಚಕ್ಕಿನದು. ಇಲ್ಲೂ ವೇಗದ ಗಾಲಿ ನೋಡಿ. ಮಕಿತಾ ಆರ್‌ಪಿ 1800ಕ್ಕೆ 1850 ವ್ಯಾಟ್ ಇದೆ, ವೇಗ ಮಾತ್ರ 22,000 ಒಂದೇ. ಆರ್‌ಪಿ 2301 ಎಫ್‌ಸಿಯಲ್ಲಿ 9,000ದಿಂದ 22,000. ಅಗಲದ ಪ್ಯಾನೆಲ್ ಬಿಟ್ ಓಡಿಸುವವರಿಗೆ ಎರಡನೆಯದೇ ಬೇಕು. ನಡುವಿನ ಬಾಷ್ ಜಿಒಎಫ್ 130 (1300 ವ್ಯಾಟ್, 11,000ದಿಂದ 28,000) ಒಂದೇ ಮಷಿನ್ ಸಾಕು ಅನ್ನುವವರಿಗೆ ಸರಿ, ಆದರೆ ಸನ್‌ಮೈಕಾ ಅಂಚಿಗೆ ಅದು ಭಾರವೆನಿಸುತ್ತದೆ. ಟೇಬಲ್ಲಿಗೆ ತಲೆಕೆಳಗಾಗಿ ಕಟ್ಟಿದಾಗ ಬಿಟ್ ತಿರುಗುವ ದಿಕ್ಕೂ ಕಣ್ಣಿಗೆ ತಲೆಕೆಳಗು, ಕಟ್ಟಿಗೆಯನ್ನು ಬಲದಿಂದ ಎಡಕ್ಕೆ ತಳ್ಳಬೇಕು. ಬಿಟ್ಟಿಗೂ ಫೆನ್ಸಿಗೂ (ಕಟ್ಟಿಗೆ ಆನಿಸುವ ನೇರ ಪಟ್ಟಿ) ನಡುವೆ ಕಟ್ಟಿಗೆ ಯಾವತ್ತೂ ತೂರಿಸಬೇಡಿ. ಕರೆಂಟ್ ಹೋಗಿ ಬಂದಾಗ ಮಷಿನ್ ತಾನೇ ಚಾಲೂ ಆಗದಂಥ ಸ್ವಿಚ್ಚು ಟೇಬಲ್ಲಿಗೆ ಇರಲೇಬೇಕು, ನಮ್ಮ ಕಡೆಯಂತೂ ಇದು ಐಷಾರಾಮವಲ್ಲ.

ಕರೆಂಟಿನ ಲೆಕ್ಕ: 710 ವ್ಯಾಟ್ ಅಂದರೆ 230 ವೋಲ್ಟಿಗೆ ಸುಮಾರು 3 ಆಂಪಿಯರ್, ಸಾಮಾನ್ಯ 6 ಆಂಪಿಯರ್ ಸಾಕೆಟ್ ಆಯಿತು. 1850 ವ್ಯಾಟಿಗೆ 8 ಆಂಪಿಯರ್, ಅದಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು. ಒಳಗಿನ ಕೋಣೆಯಿಂದ ಶೆಡ್ಡಿಗೆ 20 ಮೀಟರ್ ವೈರ್ ಎಳೆಯುವುದಾದರೆ ಆ 8 ಆಂಪಿಯರಿಗೆ 1.5 ಚದರ ಮಿ.ಮೀ. ತಾಮ್ರದಲ್ಲಿ 4 ವೋಲ್ಟ್ ಇಳಿಯುತ್ತದೆ, 0.75ರಲ್ಲಿ 8 ವೋಲ್ಟ್. ಇಳಿಕೆಗಿಂತ ದೊಡ್ಡ ತೊಂದರೆ ಬಿಸಿ. ಸುತ್ತಿಟ್ಟ ರೀಲಿನಲ್ಲಿ ತೆಳ್ಳನೆ ವೈರ್ ಮೇ ತಿಂಗಳ 42 ಡಿಗ್ರಿಯಲ್ಲಿ ಮೆತ್ತಗಾಗುತ್ತದೆ, ಪೂರ್ತಿ ಬಿಚ್ಚಿ ಹಾಸಿಯೇ ಬಳಸಿ. ಮನೆಯ ಇನ್ವರ್ಟರಿನ ಮೇಲೆ ರೌಟರ್ ಹಚ್ಚಬೇಡಿ.

ಬೇಸಿಗೆಯಲ್ಲಿ ಸನ್‌ಮೈಕಾ ಸವರುವಾಗ ಇನ್ನೊಂದು ಕಾಟ, ಒಣಗದ ಗಮ್ಮು ಬಿಟ್ಟಿನ ಬೇರಿಂಗಿಗೆ ಮೆತ್ತಿ ಅದು ಬಿಡಿಯಾಗಿ ತಿರುಗುವುದನ್ನೇ ನಿಲ್ಲಿಸಿ ಬಿಟ್ಟಿಗೇ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ಬೇರಿಂಗ್ ಬಿಟ್ಟಿನ ವೇಗದಲ್ಲೇ ಸನ್‌ಮೈಕಾದ ಮೇಲೆ ಉಜ್ಜಿ ಕಪ್ಪು ಗೆರೆ ಬಿಡುತ್ತದೆ. ನಾಲ್ಕೈದು ಅಂಚಿಗೊಮ್ಮೆ ಪ್ಲಗ್ ಕಿತ್ತು ಬೇರಿಂಗನ್ನು ಬೆರಳಲ್ಲಿ ತಿರುಗಿಸಿ ನೋಡಿ, ಬಿಗಿಯಾಗಿದ್ದರೆ ಥಿನ್ನರ್ ಬಟ್ಟೆಯಿಂದ ಒರೆಸಿ.

ಬಿಟ್ಟುಗಳ ಹನ್ನೆರಡರ ಸೆಟ್ ಅಗ್ಗಕ್ಕೆ ಸಿಗುತ್ತದೆ, ಅದರಲ್ಲಿ ಏಳೆಂಟು ಡಬ್ಬಿಯಲ್ಲೇ ತುಕ್ಕು ಹಿಡಿಯುತ್ತವೆ. 6 ಮತ್ತು 12 ಮಿ.ಮೀ. ನೇರ, ಕೆಳಗೆ ಬೇರಿಂಗ್ ಇರುವ ಅಂಚು ಸವರುವ ಬಿಟ್, 6 ಮಿ.ಮೀ. ಗೋಲಾ, 45 ಡಿಗ್ರಿ ಇಳಿಜಾರು, ಇಷ್ಟು ಕಾರ್ಬೈಡ್ ಹಲ್ಲಿನವು ಒಳ್ಳೆಯವೇ ಇರಲಿ. ಸಾಗವಾನಿಯಲ್ಲಿ ಮರಳಿನಂಥ ಸಿಲಿಕಾ ಇದೆ, ಪ್ಲೈನಲ್ಲಿ ಗಟ್ಟಿ ಗೋಂದಿದೆ. ಬರೀ ಸ್ಟೀಲಿನ ಬಿಟ್ ಎರಡರಲ್ಲೂ ಒಂದು ದಿನಕ್ಕೆ ಮೊಂಡು.

ದುಡ್ಡು ಕೊಡುವ ಮುಂಚೆ ಕಾರ್ಬನ್ ಬ್ರಷ್ಷಿನ (ಮೋಟರಿಗೆ ಕರೆಂಟ್ ಮುಟ್ಟಿಸುವ, ಸವೆಯುವ ತುಂಡು) ಒಂದು ಜೋಡಿ ಮತ್ತು ಒಂದು ಚಕ್ ಅದೇ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೋ ಕೇಳಿ. ಅವು ಅಲ್ಲಿ ಸಿಗದಿದ್ದರೆ ಸೊಲ್ಲಾಪುರದಿಂದಲೋ ಹೈದರಾಬಾದಿನಿಂದಲೋ ತರಿಸಬೇಕಾಗುತ್ತದೆ, ಅಷ್ಟು ದಿನ ಮಷಿನ್ ಮೂಲೆಯಲ್ಲೇ.