ಸೋಲಾರ್ ಹಾಕಿಸುವ ಮೊದಲು ಬಿಲ್ಲಿನ ಮೇಲಿನ ಹೆಸರು ನೋಡಿ

ದಾವಣಗೆರೆಯಲ್ಲಿ ಬ್ಯಾಂಕಿನ ಸಾಲದ ಫೈಲುಗಳನ್ನು ನೋಡಿಯೇ ರಿಟೈರ್ ಆದವಳು ನಾನು. ಆದರೂ ಮನೆಯ ತಾರಸಿಗೆ ಕರೆಂಟ್ ಕೊಡುವ ಸೋಲಾರ್ ಪ್ಯಾನೆಲ್ ಹಾಕಿಸುವಾಗ ಮೊದಲಿಗೇ ಎಡವಿದೆ. ಕರೆಂಟ್ ಬಿಲ್ಲು ಇನ್ನೂ ತೀರಿಹೋದ ಮಾವನವರ ಹೆಸರಲ್ಲೇ ಇತ್ತು! ಬಿಲ್ಲು, ಅರ್ಜಿ, ಸಬ್ಸಿಡಿ ಬೀಳುವ ಖಾತೆ ಮೂರರಲ್ಲೂ ಹೆಸರು ಒಂದೇ ಇದ್ದರೆ ತಲೆನೋವಿಲ್ಲ. ಹೆಸರು ಬದಲಾಯಿಸಲು ಓಡಾಡುವುದರಲ್ಲೇ ನನ್ನ ಒಂದೂವರೆ ತಿಂಗಳು ಹೋಯಿತು.

ಆಮೇಲೆ ವರ್ಷದ ಬಿಲ್ಲುಗಳನ್ನೆಲ್ಲ ಹರಡಿಕೊಂಡು ಕೂರಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುತ್ತಿದೆಯೇ? ಹಾಗಾದರೆ ಸುಮ್ನೆ ಸಾಲ ಮಾಡಬೇಡಿ. ನಮ್ಮದು ಎಸಿ ಬಂದ ಮೇಲೆ 200 ಯೂನಿಟ್ ದಾಟಿತು. ದಾಟಿದ ತಿಂಗಳು ಪೂರ್ತಿ ಬಿಲ್ಲೇ ಕಟ್ಟಬೇಕು, ಅಲ್ವಾ? 2025ರ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 18 ಸಾವಿರ ಮೆಗಾವಾಟ್ ದಾಟಿತಲ್ಲ, ಅದರಲ್ಲಿ ನಮ್ಮ ಎಸಿಯದೂ ಒಂದು ಪಾಲು.

ಒಂದು ಕಿಲೋವಾಟ್ ಪ್ಯಾನೆಲ್‌ನಿಂದ ತಿಂಗಳಿಗೆ ಸುಮಾರು 110 ಯೂನಿಟ್ ಬರುತ್ತದೆ, ನೂರು ಚದರಡಿ ಜಾಗ ಬೇಕು. ನಾವು 320 ಯೂನಿಟ್ ಉರಿಸುತ್ತಿದ್ದೆವು, 3 ಕಿಲೋವಾಟ್ ಹಾಕಿಸಿದೆವು. ನೀರಿನ ಟ್ಯಾಂಕಿನ ನೆರಳು ಎಲ್ಲಿ ಬೀಳುತ್ತದೆ ಅಂತ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ನೋಡಿ.

ಈಗ ದುಡ್ಡಿನ ಮಾತು. ನಮಗೆ ಬಿದ್ದ ಖರ್ಚು 1,95,000. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ಸಬ್ಸಿಡಿ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ಆದರೆ ಈ ದುಡ್ಡು ನೆಟ್ ಮೀಟರ್ (ಲೈನಿನಿಂದ ಬಂದ, ಮನೆಯಿಂದ ಹೋದ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಕೂತು, ಪರಿಶೀಲನೆ ಮುಗಿದ ಮೇಲೆ ಬರುವುದು. ಅಲ್ಲಿಯವರೆಗೆ ಪೂರ್ತಿ ಹಣ ನೀವೇ ಹೊಂದಿಸಬೇಕು. "ಸಬ್ಸಿಡಿ ಕಳೆದು ಕೊಡಿ ಸಾಕು" ಅನ್ನುವ ಸೋಲಾರ್ ಹಾಕುವವರ ಮಾತನ್ನು ಕಾಗದದ ಮೇಲೆ ಬರೆಸಿಕೊಳ್ಳದೆ ನಂಬಬೇಡಿ.

ಇದಕ್ಕೇ ಅಂತ ಸರ್ಕಾರಿ ಬ್ಯಾಂಕುಗಳಲ್ಲಿ 2 ಲಕ್ಷದವರೆಗೆ ಸಾಲ ಇದೆ, ಅಡಮಾನ ಕೇಳುವುದಿಲ್ಲ. ಹತ್ತು ಪರ್ಸೆಂಟ್ ನಿಮ್ಮ ಕೈಯಿಂದ. ನಾನು 19,500 ಹಾಕಿ, 1,75,500 ಸಾಲ ಮಾಡಿದೆ. ಸಬ್ಸಿಡಿ ಬಂದ ದಿನವೇ ಅಷ್ಟನ್ನೂ ಸಾಲಕ್ಕೆ ಕಟ್ಟಿದೆ. ನೀವೂ ಹಾಗೇ ಮಾಡಿ, ಆ ದುಡ್ಡಲ್ಲಿ ಸೋಫಾ ತರಬೇಡಿ! ಪರ್ಸನಲ್ ಲೋನ್ ಅಂತೂ ಬೇಡವೇ ಬೇಡ. ಉಳಿದ ಕಂತನ್ನು ಬಿಲ್ಲಲ್ಲಿ ಉಳಿಯುವ ದುಡ್ಡೇ ಕಟ್ಟುತ್ತಿದೆ. ಫಿಕ್ಸೆಡ್ ಚಾರ್ಜ್ ಮಾತ್ರ ತಪ್ಪುವುದಿಲ್ಲ.

ಒಬ್ಬರು 25 ಸಾವಿರ ಕಡಿಮೆಗೆ ಹಾಕಿಕೊಡುತ್ತೇವೆ ಎಂದು ಬಂದಿದ್ದರು. ಕೆದಕಿ ಕೇಳಿದರೆ ಪ್ಯಾನೆಲ್ಲಿನ ಸೆಲ್ ಹೊರದೇಶದ್ದು. ನಮ್ಮ ದೇಶದಲ್ಲೇ ಮಾಡಿದ ಸೆಲ್ ಇರುವ ಡಿಸಿಆರ್ ಪ್ಯಾನೆಲ್‌ಗಷ್ಟೇ ಸಬ್ಸಿಡಿ.

ಇನ್ನೊಂದು ಮಾತು. ಕರೆಂಟ್ ಹೋದರೆ ಇದೂ ನಿಲ್ಲುತ್ತದೆ, ಮಟಮಟ ಮಧ್ಯಾಹ್ನವಾದರೂ ಸರಿ. ಲೈನ್‌ಮನ್ ಕಂಬ ಹತ್ತಿದಾಗ ನಮ್ಮ ಮನೆಯಿಂದ ಕರೆಂಟ್ ಹರಿಯಬಾರದಲ್ಲ, ಅದಕ್ಕೇ ಹಾಗೆ. ಹಳೇ ಯುಪಿಎಸ್ ಗುಜರಿಗೆ ಹಾಕಬೇಡಿ.